ಯಾರ ಹೆಸರು ಯಾರ ಗಾಡಿಯ ಮೇಲೆ?

ಹಲಬರ್ಗಾ ರೈಲ್ವೆ ಸ್ಟೇಶನ್ನಿನ ಹೊರಗೆ ಬೇವಿನ ಮರದ ನೆರಳಿಗೆ ನಿಲ್ಲುವ ಗಾಡಿಗಳಲ್ಲಿ ಒಂದು ಓಮ್ನಿ ಇದೆ. ಮೂರು ಕೈ ದಾಟಿ ಬಂದದ್ದು. ಮಾರುತಿ ಕಂಪನಿ ಈ ಗಾಡಿ ಮಾಡುವುದನ್ನೇ 2019ರಲ್ಲಿ ನಿಲ್ಲಿಸಿತು. ನಮ್ಮ ಕಡೆ ಅದಿನ್ನೂ ನಿಂತಿಲ್ಲ. ಇದರ ಒಡೆಯ ನಮ್ಮ ಕೇರಿಯ ಹುಡುಗ, ಇಪ್ಪತ್ತಾರರ ಪ್ರಾಯ. ರೈಲು ಇಳಿದವರನ್ನು ಹಳ್ಳಿಗೆ ಮುಟ್ಟಿಸುತ್ತಾನೆ, ಬೇನೆ ಬಂದ ಬಸುರಿಯರನ್ನು ಭಾಲ್ಕಿಗೆ ಒಯ್ಯುತ್ತಾನೆ, ಮದುವೆ ಸುಗ್ಗಿಯಲ್ಲಿ ಕೈತುಂಬ ಕೆಲಸ. ದುಡಿದದ್ದರಲ್ಲಿ ಕಂತು ಕಟ್ಟಿ ಉಳಿದದ್ದನ್ನು ಗಾಡಿಗೇ ಸುರಿದಿದ್ದಾನೆ. ಚಕ್ರ ಬದಲಾಗಿದೆ, ಸೈಲೆನ್ಸರ್ ಬದಲಾಗಿದೆ, ಒಳಗೆ ನೀಲಿ ದೀಪ ಬಂದಿದೆ. ಹಿಂದಿನ ಗಾಜಿನ ಮೇಲೆ ಜರ್ಮನಿಯ ಒಂದು ದುಬಾರಿ ಕಾರಿನ ಗುರುತು. ಬಾಗಿಲಿನ ಮೇಲೆ ಗೇಣುದ್ದದ ಕೆಂಪು ಅಕ್ಷರ: ಬ್ರೆಂಬೊ.

ಬ್ರೆಂಬೊ ಅಂದರೆ ಬ್ರೇಕು ಮಾಡುವ ಇಟಲಿಯ ಕಂಪನಿ. 1961ರಲ್ಲಿ ಬೆರ್ಗಾಮೊ ಎಂಬ ಊರಿನ ಬಳಿ ಶುರುವಾಯಿತು. ಮಿಲಾನ್ ಪಟ್ಟಣ ಅಲ್ಲಿಂದ ದೂರವಿಲ್ಲ. ರೇಸಿನ ಕಾರುಗಳಿಗೆ ಬ್ರೇಕು ಕೊಡುವ ಹೆಸರುವಾಸಿ ಕಂಪನಿ ಅದು. ನಮ್ಮ ಹುಡುಗನ ಓಮ್ನಿಯ ಹಿಂದಿನ ಚಕ್ರದಲ್ಲಿ ಇರುವುದು ಹಳೇ ಡ್ರಮ್ ಬ್ರೇಕು. ಅದರ ಮೇಲೆ ನಿಂತು ತುಳಿದರೂ ಗಾಡಿ ತನಗೆ ತಿಳಿದಾಗಲೇ ನಿಲ್ಲುತ್ತದೆ.

ಈ ಅಕ್ಷರಗಳ ಸಲುವಾಗಿ ನಮ್ಮೊಳಗೆ ಜಗಳವಾಯಿತೆಂದರೆ ಓದುವ ಗೆಳೆಯರು ನಗಬಹುದು. ನಗಲಿ. ನಮ್ಮ ಓದುಕೂಟದಲ್ಲಿ ಇರುವವರು ಐದಾರು ಮಂದಿ ಪ್ರೈಮರಿ ಶಾಲೆಯ ಮೇಷ್ಟ್ರು, ನಾಲ್ಕು ಕಾಲೇಜು ಹುಡುಗರು, ಹೊಲಗೆಲಸದಿಂದ ಸಂಘಟನೆಗೆ ಬಂದ ಇಬ್ಬರು. ಅವತ್ತು ಕೂಡಿದ್ದು ಬೇರೆ ವಿಷಯಕ್ಕೆ. ಓಮ್ನಿ ಮುಂದೆ ಹಾದುಹೋಯಿತು, ಮಾತು ಅದರ ಹಿಂದೆ ಹೋಯಿತು. ಒಬ್ಬ ಮೇಷ್ಟ್ರು, "ಇಲ್ಲದ್ದು ಅದ ಅಂತ ತೋರ್ಸೋದು ಸುಳ್ಳೇ. ಅದರಾಗ ಸಣ್ಣದು ದೊಡ್ಡದು ಅಂಬೋದಿಲ್ಲ" ಅಂದರು. ಸಂಘಟನೆಯ ಗೆಳೆಯನೊಬ್ಬ ಅದಕ್ಕಿಂತ ಬಿರುಸಾಗಿ, "ಇದು ಸುಳ್ಳಲ್ಲ, ಗುಲಾಮಗಿರಿ. ಬಂಡವಾಳಶಾಹಿಯ ಮುದ್ರೆನ ತಾನೇ ರೊಕ್ಕಾ ಕೊಟ್ಟು ಮೈಮೇಲೆ ಒತ್ತಿಸ್ಕೊಳ್ಳಾಕತ್ತಾನ" ಅಂದ. ಇಬ್ಬರ ಮಾತೂ ನಮಗೆ ಸರಿ ಅನ್ನಿಸಿತು. ಆದರೆ ಇಬ್ಬರೂ ಗಾಡಿಯವನನ್ನು ಕೇಳಿರಲಿಲ್ಲ. ಮರುದಿನ ನಾವೇ ಹೋಗಿ ಕೇಳಿದೆವು. ಅವನು ಹೇಳಿದ್ದು ಇಷ್ಟು: "ಅಣ್ಣಾ, ಇದು ನೋಡಿ ಯಾರಿಗಿ ಮೋಸ ಆಗ್ಯದ? ಈ ಗಾಡಿ ಯಾರ್ದು, ಎಷ್ಟಕ್ಕ ತಂದೀನಿ, ಎಷ್ಟು ಕಂತು ಬಾಕಿ ಅದಾವ, ಹಲಬರ್ಗಾದಾಗ ಕೂಸಿಗಿ ಸುದ್ದಾ ಗೊತ್ತದ."

ಉತ್ತರ ನಮ್ಮ ಬಾಯಿ ಕಟ್ಟಿಹಾಕಿತು. ಅದಕ್ಕೇ ಈ ಬರಹ.

ಮೊದಲು ಆ ಅಕ್ಷರಗಳು ಎಲ್ಲಿಂದ ಬಂದವು ನೋಡೋಣ. ನಮ್ಮ ಕಡೆ ಇದಕ್ಕೆ ಸ್ಟಿಕರ್ ಅನ್ನುವವರು ಕಡಿಮೆ. 'ರೇಡಿಯಂ ಹಚ್ಚಿಸೋದು' ಅನ್ನುತ್ತಾರೆ. ಬೀದರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಬಸ್ ಸ್ಟ್ಯಾಂಡಿನ ಸುತ್ತ ರೇಡಿಯಂ ಅಂಗಡಿಗಳಿವೆ. ಹಿಂದೆ ಬ್ಲೇಡು ಹಿಡಿದು ಕೈಯಿಂದಲೇ ಅಕ್ಷರ ಕೊಯ್ಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿ ಕಟಿಂಗ್ ಮಷೀನಿಗೆ ಬಿಡುತ್ತಾರೆ. ಮಷೀನು ಗೀರು ಮಾತ್ರ ಹಾಕುತ್ತದೆ. ಬೇಡಾದ ಹಾಳೆಯನ್ನು ಸೂಜಿಯ ತುದಿಯಿಂದ ಎಬ್ಬಿಸಿ ಕಿತ್ತು ತೆಗೆಯುವುದು, ಉಳಿದ ಅಕ್ಷರವನ್ನು ಟೇಪಿನ ಮೇಲೆ ಎತ್ತಿ, ಗಾಜಿಗೆ ಸೋಪಿನ ನೀರು ಹೊಡೆದು, ಗುಳ್ಳೆ ಏಳದಂತೆ ಒತ್ತುವುದು, ಇದೆಲ್ಲ ಮನುಷ್ಯನ ಕೈ. ಭಾಲ್ಕಿಯ ಒಂದು ಅಂಗಡಿಯಲ್ಲಿ ಈ ಕೆಲಸ ಮಾಡುವ ಹುಡುಗನನ್ನು ನಾವು ಬಹಳ ಹೊತ್ತು ನೋಡುತ್ತ ಕುಂತಿದ್ದೆವು. ಅವನಿಗೆ ಇಂಗ್ಲಿಷು ಓದಲು ಬಾರದು. ಒಂದಕ್ಷರದ ಹೊಟ್ಟೆಯಲ್ಲಿ ಎರಡು ತೂತು, ಮುಂದಿನದರಲ್ಲಿ ಒಂದು, ಕಡೆಯದು ದುಂಡಗೆ. ಹೀಗೆ ಅವನು ಬ್ರೆಂಬೊವನ್ನು ಬಲ್ಲ. ದಿನಕ್ಕೆ ಹತ್ತಾರು ದೇಶದ ಹೆಸರುಗಳು ಅವನ ಸೂಜಿಯಡಿ ಹಾಯುತ್ತವೆ. ಅವನ ಹೆಸರು ಆ ಅಂಗಡಿಯ ಬೋರ್ಡಿನ ಮೇಲೂ ಇಲ್ಲ.

ಆ ಹಾಳೆಯಲ್ಲಿ ರೇಡಿಯಂ ಇಲ್ಲವೆಂಬುದನ್ನೂ ಹೇಳಿಬಿಡಬೇಕು. ಅದು ಬರೀ ಪ್ಲಾಸ್ಟಿಕ್ಕು, ಬೆಳಕು ಬಿದ್ದರೆ ಹೊಳೆಯುವ ಲೇಪ. ಖರೇ ರೇಡಿಯಂ ಬೇರೆ. ಅದನ್ನು 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದರು. ಮುಂದೆ ಅಮೆರಿಕದ ಕಾರ್ಖಾನೆಗಳಲ್ಲಿ ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳನ್ನು ಆ ಬಣ್ಣದಿಂದ ಬರೆಸಿದರು. ಬರೆದವರು ಕೂಲಿಯ ಹೆಣ್ಣುಮಕ್ಕಳು. ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿಟ್ಟು ಹುರಿಮಾಡಲು ಅವರಿಗೆ ಕಲಿಸಿದ್ದರು. ದವಡೆಯ ಎಲುಬು ಕೊಳೆತು ಎಷ್ಟೋ ಮಂದಿ ಸತ್ತರು. ನ್ಯೂಜೆರ್ಸಿಯ ಐವರು ಹೆಣ್ಣುಮಕ್ಕಳು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ಹೊಳಪಿನ ಹೆಸರು ಮಾತ್ರ ಸಮುದ್ರ ದಾಟಿ ಬಂದು ನಮ್ಮ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿದೆ. ಅಂದರೆ ನಮ್ಮ ಹುಡುಗ ಸುಳ್ಳು ಹೆಸರನ್ನು ಹಚ್ಚಿದ ಎನ್ನುವ ಮೊದಲು, ಹಚ್ಚಿದ ವಸ್ತುವಿನ ಹೆಸರೇ ಸುಳ್ಳು ಎಂಬುದು ನೆನಪಿರಲಿ. ಹಾಗಂತ ರೇಡಿಯಂ ಅಂಗಡಿಯವನನ್ನು ಮೋಸಗಾರ ಅನ್ನುವವರಿದ್ದಾರೆಯೆ?

ಹಾಗಾದರೆ ಮೋಸ ಎಲ್ಲಿಂದ ಶುರು?

ಬೀದರದ ಗ್ಯಾರೇಜಿನ ಹಿರಿಯ ಮಿಸ್ತ್ರಿಯೊಬ್ಬರು ನಮಗೆ ಎರಡು ಡಬ್ಬಿ ತೋರಿಸಿದರು. ಎರಡೂ ಬ್ರೇಕ್ ಪ್ಯಾಡಿನವು. ಎರಡರ ಮೇಲೂ ಒಂದೇ ಕಂಪನಿಯ ಹೆಸರು, ಒಂದೇ ಬಣ್ಣ. ಒಂದು ಅಸಲಿ, ಇನ್ನೊಂದು ನಕಲಿ. "ನನಗ ಕೈಗಿ ಹಿಡದ್ರ ತಿಳೀತದ. ಗಾಡಿ ಮಾಲಕಗ ತಿಳ್ಯಂಗಿಲ್ಲ. ಅವಂಗ ತಿಳಿಯೋದು ಘಾಟಿನ್ಯಾಗ" ಅಂದರು. ಇಲ್ಲಿ ಹೆಸರು ಒಂದು ಮಾತು ಕೊಟ್ಟಂತೆ. ಕೊಳ್ಳುವವನು ಕಬ್ಬಿಣದ ಒಳಗೆ ಇಣುಕಿ ನೋಡಲಾರ. ಅವನ ಕಣ್ಣಿನ ಬದಲಿಗೆ ಆ ಹೆಸರು ನಿಂತಿದೆ. ಅದನ್ನು ನಂಬಿ ಅವನು ಹೆಂಡರು ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಾನೆ. ಈ ಡಬ್ಬಿಯ ಮೇಲೆ ಸುಳ್ಳು ಹೆಸರು ಒತ್ತಿದವನು ಕೊಲೆಗಾರನ ಪೈಕಿ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಕೆಲ ದಲಾಲರು ಕಡಿಮೆ ಮಾಡೆಲಿನ ಅಕ್ಷರ ಕಿತ್ತು ಮೇಲಿನ ಮಾಡೆಲಿನ ಅಕ್ಷರ ಹಚ್ಚಿ ದರ ಏರಿಸುವುದೂ ಇದೇ ಜಾತಿಯ ಕೆಲಸ. ಅಲ್ಲಿ ಜೀವ ಹೋಗಲಿಕ್ಕಿಲ್ಲ, ಬಡವನ ರೊಕ್ಕ ಹೋಗುತ್ತದೆ.

ಓಮ್ನಿಯ ಬಾಗಿಲ ಮೇಲಿನ ಬ್ರೆಂಬೊ ಯಾರಿಗೂ ಯಾವ ಮಾತನ್ನೂ ಕೊಟ್ಟಿಲ್ಲ. ಇದರಲ್ಲಿ ಇಟಲಿಯ ಬ್ರೇಕು ಇದೆ ಎಂದು ನಂಬಿ ಹತ್ತಿದ ಒಬ್ಬ ಪ್ಯಾಸೆಂಜರನೂ ಹಲಬರ್ಗಾದಲ್ಲಿ ಸಿಗಲಾರ. ನಮ್ಮ ಊರುಗಳಿಗೆ ಹಗಲುವೇಷದವರು ಬರುತ್ತಾರಲ್ಲ, ಬಣ್ಣ ಬಳಿದುಕೊಂಡು ರಾಮ, ರಾವಣ, ಭೀಮ ಆಗಿ ಓಣಿ ಓಣಿ ತಿರುಗುವವರು. ಅವರ ಕಿರೀಟ ತಗಡಿನದೆಂದು ಯಾರೂ ಪೊಲೀಸರಿಗೆ ದೂರು ಕೊಟ್ಟಿಲ್ಲ. ವೇಷ ಬೇರೆ, ಮೋಸ ಬೇರೆ. ವೇಷದಲ್ಲಿ ನೋಡುವವನಿಗೂ ಪಾಲಿದೆ, ಅವನಿಗೆ ಗೊತ್ತಿದ್ದೇ ನಡೆಯುತ್ತದೆ. ಮೋಸದಲ್ಲಿ ಗೊತ್ತಾಗಬಾರದ ಒಬ್ಬನಿರಬೇಕು.

ಕಾನೂನು ಕೂಡ ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಲ್ಲುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಹಚ್ಚಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಆದರೆ ವಂಚಿಸುವ ಉದ್ದೇಶ ತನಗಿರಲಿಲ್ಲವೆಂದು ತೋರಿಸಿಕೊಟ್ಟವನು ಪಾರಾಗುತ್ತಾನೆ. ಗಾಡಿಯ ರೂಪ ಬದಲಿಸುವ ವಿಷಯ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದೆ. ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಿವಿ ಹರಿಯುವ ಆ ಸೈಲೆನ್ಸರಿನ ವಿಷಯದಲ್ಲಿ ನಾವು ಕೋರ್ಟಿನ ಕಡೆಗೇ. ಮಲಗಿದ ಕೂಸುಗಳು ಎದ್ದು ಅಳುತ್ತವೆ ಎಂದು ಹುಡುಗನಿಗೆ ಹೇಳಿದ್ದೇವೆ. ಅವನು ನಕ್ಕಿದ್ದಾನೆ, ಬದಲಿಸಿಲ್ಲ.

ಇನ್ನು ಗುಲಾಮಗಿರಿ ಎಂದ ಗೆಳೆಯನ ಮಾತು. ಇದರಲ್ಲಿ ಹುರುಳಿದೆ. ಕಾರಿನ ಮೇಲೆ ಕಂಪನಿಯ ಹೆಸರು ಹಚ್ಚುವ ಪದ್ಧತಿ ರೇಸಿನ ಮೈದಾನದಿಂದ ಬಂದದ್ದು. 1968ರಲ್ಲಿ ಇಂಗ್ಲೆಂಡಿನ ಲೋಟಸ್ ತಂಡದವರು ತಮ್ಮ ಕಾರಿಗೆ ಒಂದು ಸಿಗರೇಟ್ ಕಂಪನಿಯ ಬಣ್ಣವನ್ನೇ ಬಳಿದು ಓಡಿಸಿದರು. ಬಳಿದುಕೊಂಡದ್ದಕ್ಕೆ ಕಂಪನಿ ರೊಕ್ಕ ಕೊಟ್ಟಿತು. ಅಲ್ಲಿಂದಾಚೆಗೆ ರೇಸಿನ ಕಾರಿನ ಮೈಯೆಲ್ಲ ಬಾಡಿಗೆಗೆ ಹೋಯಿತು. ಅಲ್ಲಿ ಹೆಸರಿನವನು ಗಾಡಿಯವನಿಗೆ ಕೊಡುತ್ತಾನೆ. ನಮ್ಮಲ್ಲಿ ಉಲ್ಟಾ: ಕಂತು ಬಾಕಿ ಇರುವ ಹುಡುಗ ತನ್ನ ಕಿಸೆಯಿಂದ ಮುನ್ನೂರು ರೂಪಾಯಿ ಕೊಟ್ಟು, ತನ್ನ ಹೆಸರನ್ನೇ ಕೇಳಿರದ ಕಂಪನಿಗೆ ಬಿಸಿಲಲ್ಲಿ ಮಳೆಯಲ್ಲಿ ಪುಕ್ಕಟೆ ಡಂಗುರ ಹೊಡೆಯುತ್ತಾನೆ. ಉಳ್ಳವರ ಈ ವ್ಯವಸ್ಥೆ ನಮ್ಮ ದುಡಿಮೆಯನ್ನು ಅಗ್ಗಕ್ಕೆ ಕೊಂಡಿತು, ಅದು ಹಳೇ ಸುದ್ದಿ. ನಮ್ಮ ಆಸೆಯನ್ನು ಪುಕ್ಕಟೆಗೆ ಪಡೆಯಿತು, ಇದು ಹೊಸದು.

ಆದರೆ ಗೆಳೆಯ ಒಂದನ್ನು ಮರೆತ. ಆಸೆ ಯಾಕೆ ಹುಟ್ಟಿತು ಎಂದು ಅವನು ಕೇಳಲಿಲ್ಲ. ಇನ್ನೊಬ್ಬರ ಹೆಸರು ಬೇಕೆನ್ನಿಸುವುದು ತನ್ನ ಹೆಸರಿನಿಂದ ಆಗಬೇಕಾದ ಕೆಲಸ ಆಗದೆ ಇದ್ದಾಗ. ನಮಗೆ ಹುಟ್ಟಿದಾಗಲೇ ಹಚ್ಚಿದ ಒಂದು ಸ್ಟಿಕರ್ ಇದೆ. ಅದನ್ನು ಹಚ್ಚಲು ನಾವು ಹೇಳಿರಲಿಲ್ಲ. ಸೋಪಿನ ನೀರಿಗೆ ಬಿಡುವುದಿಲ್ಲ, ಬ್ಲೇಡಿಗೆ ಏಳುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ, ಸೇದುವ ಬಾವಿಯ ದಂಡೆಯಲ್ಲಿ, ಹೊಟೇಲಿನ ಬೇರೆ ಲೋಟದಲ್ಲಿ ಅದನ್ನೇ ಓದಿ ನಮ್ಮ ದರ ಕಟ್ಟಿದರು. ಈ ಸ್ಟಿಕರ್ ಮೈಮೇಲೆ ಇದ್ದವನು ಇನ್ನೊಂದನ್ನು ತಾನೇ ಆರಿಸಿ ಹಚ್ಚಿಕೊಂಡರೆ, ಅದು ಎಷ್ಟೇ ಹುಚ್ಚಾಟದ್ದಾಗಿರಲಿ, ಅದರಲ್ಲಿ 'ಆರಿಸಿದ್ದು ನಾನು' ಎಂಬ ಮಾತು ಇದೆ.

ಅದರಲ್ಲೂ ಗಾಡಿ. ಬಂಡಿ, ಟಾಂಗಾ, ಕುದುರೆ, ಇವು ನಮಗೆ ಬರೀ ಸಾಗಿಸುವ ಸಾಧನ ಆಗಿರಲಿಲ್ಲ. 1929ರಲ್ಲಿ ಬಾಬಾಸಾಹೇಬರು ಚಾಳಿಸಗಾಂವ್ ಸ್ಟೇಶನ್ನಿನಲ್ಲಿ ಇಳಿದರು. ಅಸ್ಪೃಶ್ಯರ ಕಷ್ಟ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿದ್ದ ಕಾಲ, ಬ್ಯಾರಿಸ್ಟರ್. ಸ್ಟೇಶನ್ನಿನಿಂದ ಮಹಾರವಾಡೆಗೆ ಅವರನ್ನು ಒಯ್ಯಲು ಯಾವ ಟಾಂಗಾದವನೂ ಒಪ್ಪಲಿಲ್ಲ. ತಮ್ಮ ಅತಿಥಿ ನಡೆದು ಬಂದರೆ ತಮ್ಮ ಮರ್ಯಾದೆ ಏನಾಯಿತು ಎಂದು ಕೇರಿಯವರು ಟಾಂಗಾ ಮಾತ್ರ ಬಾಡಿಗೆಗೆ ಹಿಡಿದು, ಹೊಡೆಯಲು ಬಾರದ ತಮ್ಮವನೊಬ್ಬನನ್ನೇ ಕೂಡಿಸಿದರು. ಸೇತುವೆಯ ಹತ್ತಿರ ಟಾಂಗಾ ಉರುಳಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಬರೆಯುವಾಗ ಅವರ ಸಿಟ್ಟು ಕೇರಿಯವರ ಮೇಲೆ ಇಲ್ಲ. ಟಾಂಗಾ ಹೊಡೆಯುವವನು ಬ್ಯಾರಿಸ್ಟರಿಗಿಂತ ತಾನು ಮೇಲಿನವನೆಂದು ತಿಳಿಯುವ ಈ ದೇಶದ ಮೇಲೆ ಇದೆ. ಸ್ಟೇಶನ್ನಿನ ಹೊರಗೆ ನಮ್ಮ ಹುಡುಗ ತನ್ನದೇ ಗಾಡಿಯ ಬಾನೆಟ್ಟಿಗೆ ಒರಗಿ ನಿಂತಾಗ, ಅದೇ ಗಾಡಿಗೆ ಊರಿನವರು ಬಾಡಿಗೆ ಕೇಳಿ ಬಂದಾಗ, ನಮಗೆ ಚಾಳಿಸಗಾಂವ್ ನೆನಪಾಗದೆ ಇರುವುದಿಲ್ಲ. ಮೇಷ್ಟ್ರಿಗೆ ಅದು ಶೋಕಿ ಕಂಡಿತು. ಶೋಕಿಯೂ ಹೌದು.

ಸುಳ್ಳು ಹೆಸರಿನ ಮಾತು ತೆಗೆದಾಗ ನಮ್ಮ ಕೂಟದ ಒಬ್ಬ ಕಾಲೇಜು ಹುಡುಗ ಸುಮ್ಮನೆ ಕುಂತಿದ್ದ. ಆಮೇಲೆ ತಾನಾಗೇ ಹೇಳಿದ. ಪಟ್ಟಣದಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಹೆಸರಿನ ಕಡೇ ಭಾಗವನ್ನು ಬಿಟ್ಟು ಹೇಳಿದ್ದನಂತೆ. ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಬಾಯಿಗೆ ಬಂದ ಮಠದ ಹೆಸರು ಹೇಳಿದನಂತೆ. ಕೋಣೆ ಸಿಕ್ಕಿತು. ಎರಡು ವರ್ಷ ಆ ಮನೆಯ ಮುದುಕಿಯ ಕೈಯ ಅಂಬಲಿ ಕುಡಿದ. "ಅಕೀ ಒಳ್ಳೇಕಿನೇ ಇದ್ದಳು. ಅದಕ್ಕೇ ಹೊಟ್ಟ್ಯಾಗ ಸಂಕಟ ಆಗ್ತಿತ್ತು" ಅಂದ. ಇದು ಮೋಸವೇ? ನಾವು ಹಾಕಿದ ಅಳತೆಯ ಪ್ರಕಾರ ಹೌದು, ಗೊತ್ತಾಗಬಾರದ ಒಬ್ಬಳು ಇಲ್ಲಿ ಇದ್ದಾಳೆ. ಆದರೆ ಅವಳಿಗೆ ಏನು ನಷ್ಟವಾಯಿತು? ಬಾಡಿಗೆ ತಿಂಗಳು ತಿಂಗಳಿಗೆ ಮುಟ್ಟಿದೆ. ಅವಳು ಕಳೆದುಕೊಂಡದ್ದು ಒಂದೇ, ಅವನನ್ನು ಹೊರಗಿಡುವ ಅವಕಾಶ. ಆ ಅವಕಾಶ ಅವಳಿಗೆ ಇರಬಾರದಿತ್ತು. ಅಂದಮೇಲೆ ಸಂಕಟ ಪಡಬೇಕಾದವರು ಯಾರು? ನಾವು ಹೀಗೆ ತರ್ಕ ಮಾಡಿ ಆ ಹುಡುಗನಿಗೆ ಸಮಾಧಾನ ಹೇಳಿದೆವು. ಅವನಿಗೆ ಅದರಿಂದ ಸಮಾಧಾನ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಅಂಬಲಿಯ ಋಣ ತರ್ಕಕ್ಕೆ ತೀರುವುದಿಲ್ಲ.

ನಮ್ಮ ಭಾಲ್ಕಿಯಲ್ಲೇ ಇದಕ್ಕಿಂತ ದೊಡ್ಡ ಸುಳ್ಳು ಬೋರ್ಡಿನ ಕಥೆ ಇದೆ. ನಿಜಾಮನ ಕಾಲದಲ್ಲಿ ಕನ್ನಡ ಶಾಲೆಗೆ ಎಡೆಯಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಜಿಲ್ಲೆಯ ಮಕ್ಕಳಿಗೆಲ್ಲ ಹೇಳಿಕೊಡುತ್ತೇವೆ. ಸುಳ್ಳಿನಲ್ಲಿ ಸಣ್ಣದು ದೊಡ್ಡದು ಇಲ್ಲವೆಂದ ಮೇಷ್ಟ್ರೇ ನವೆಂಬರ್ ಒಂದರ ಭಾಷಣದಲ್ಲಿ ಈ ಕಥೆಯನ್ನು ಕಣ್ಣೀರು ತಂದುಕೊಂಡು ಹೇಳುತ್ತಾರೆ. ಹೇಳಲಿ, ಹೇಳಬೇಕಾದದ್ದೇ. ಆದರೆ ನಿಜಾಮನ ಅಧಿಕಾರಿಗೆ ತೋರಿಸಿದ ಬೋರ್ಡು ಧರ್ಮವಾಗುವುದಾದರೆ, ಮನೆಯ ಮಾಲಕಿಗೆ ಹೇಳಿದ ಹೆಸರು ಅಧರ್ಮ ಹೇಗಾದೀತು? ಇದನ್ನು ಕೇಳಿದಾಗ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, "ಅದು ಕಲಿಸೋ ಸಲುವಾಗಿ, ಇದು ತನ್ನ ಸಲುವಾಗಿ" ಅಂದರು. ಕೋಣೆ ಇಲ್ಲದೆ ಕಾಲೇಜು ಹೇಗೆ ಕಲಿಯುವುದು ಸಾರ್ ಎಂದು ನಾವು ಕೇಳಲಿಲ್ಲ. ಅವರಿಗೂ ತಿಳಿದಿತ್ತು.

ಈಗ ಮತ್ತೆ ಇಟಲಿಗೆ ಹೋಗೋಣ. ಬ್ರೆಂಬೊದ ನೆರೆಯ ಮಿಲಾನಿಗೆ. 2025ರ ಜೂನ್ ತಿಂಗಳಲ್ಲಿ ಅಲ್ಲಿ ಪ್ರಾಡಾ ಎಂಬ ಕಂಪನಿ ತನ್ನ ಹೊಸ ಬಟ್ಟೆಬರೆಗಳ ಮೆರವಣಿಗೆ ಮಾಡಿತು. ಆ ಗಂಡಸರ ಕಾಲಲ್ಲಿ ಇದ್ದ ಚಪ್ಪಲಿ ನೋಡಿ ನಮ್ಮ ಅಥಣಿ, ನಿಪ್ಪಾಣಿಯ ಕಡೆಯವರಿಗೆ, ಕೊಲ್ಹಾಪುರದವರಿಗೆ ತಮ್ಮ ಮನೆಯ ಹೊಸ್ತಿಲು ಕಂಡಂತಾಯಿತು. ಕೊಲ್ಹಾಪುರಿ ಚಪ್ಪಲಿಯೇ. ಆದರೆ ಕಂಪನಿ ಅದನ್ನು ಬರೀ ಚರ್ಮದ ಚಪ್ಪಲಿ ಎಂದು ಕರೆದಿತ್ತು. ಈ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕು ಜಿಲ್ಲೆ ಅದರೊಳಗಿವೆ. ಬೆಂಗಳೂರಿನ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳ ಹೆಸರಿನಲ್ಲಿ ಆ ನೋಂದಣಿ ಇದೆ. ಗದ್ದಲ ಎದ್ದ ಮೇಲೆ ಕಂಪನಿಯವರು, ಹೌದು, ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಎಂದು ಪತ್ರ ಬರೆದರು. 2025ರ ಡಿಸೆಂಬರಿನಲ್ಲಿ ಆ ಎರಡು ನಿಗಮಗಳ ಜೊತೆ ಕರಾರು ಮಾಡಿಕೊಂಡು, ನಮ್ಮ ಕುಶಲಕರ್ಮಿಗಳಿಂದಲೇ 2,000 ಜೊತೆ ಮಾಡಿಸಿ ಒಂದು ಜೊತೆಗೆ ಸುಮಾರು 800 ಯೂರೋಗೆ ಮಾರುವುದಾಗಿ ಸಾರಿದರು. ಎಂದರೆ 80 ಸಾವಿರ ರೂಪಾಯಿಗೂ ಮೇಲೆ.

ಗೆಳೆಯರು ಇವೆರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕು. ಹಲಬರ್ಗಾದ ಹುಡುಗ ಇಟಲಿಯ ಹೆಸರನ್ನು ತನ್ನ ವಸ್ತುವಿಗೆ ಹಚ್ಚಿದ. ಇಟಲಿಯ ಕಂಪನಿ ತನ್ನ ಹೆಸರನ್ನು ನಮ್ಮ ವಸ್ತುವಿಗೆ ಹಚ್ಚಿತು. ಮೊದಲನೆಯದಕ್ಕೆ ನಕಲಿ ಎಂಬ ಮಾತಿದೆ, ನಗೆಯಿದೆ, ಕಾಯಿದೆಯ ಕಲಮಿದೆ. ಎರಡನೆಯದಕ್ಕೆ ಪ್ರೇರಣೆ ಎಂಬ ಮಾತಿದೆ. ಹುಡುಗ ಹಚ್ಚಿದ ಹೆಸರಿನಿಂದ ಬಾಡಿಗೆ ಒಂದು ರೂಪಾಯಿ ಏರಲಿಲ್ಲ. ಕಂಪನಿ ಹಚ್ಚಿದ ಹೆಸರಿನಿಂದ ಅದೇ ತೊಗಲು, ಅದೇ ಹೆಣಿಗೆಯ ದರ ಎಲ್ಲಿಂದ ಎಲ್ಲಿಗೋ ಹೋಯಿತು. ಕರಾರು ಆದದ್ದು ಒಳ್ಳೆಯದೇ, ಗದ್ದಲ ಮಾಡಿದ್ದಕ್ಕೆ ಆಯಿತು. ಆದರೆ ಆ ತೊಗಲನ್ನು ಹದ ಮಾಡಿದ ಸುಣ್ಣದ ಗುಂಡಿಯ ವಾಸನೆಗೆ ಮೂಗು ಮುಚ್ಚಿ ಊರ ಹೊರಗೆ ಇಟ್ಟವರು ಇಟಲಿಯವರಲ್ಲ. ಚಪ್ಪಲಿಯನ್ನು ನಮ್ಮ ಸಂಸ್ಕೃತಿ, ನಮ್ಮ ಪರಂಪರೆ ಎಂದು ಆಗ ಕೂಗಿದವರಲ್ಲಿ ಎಷ್ಟು ಮಂದಿ ಸಮಗಾರರ ಮನೆಯ ನೀರು ಕುಡಿದವರು? 'ನಮ್ಮ' ಎಂಬ ಸ್ಟಿಕರ್ ಅವಸರದಲ್ಲಿ ಹಚ್ಚಿದ್ದು ಎಂದೇ ನಮ್ಮ ಅನುಮಾನ.

ಬಸವಕಲ್ಯಾಣ ನಮ್ಮ ಜಿಲ್ಲೆಯದು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಬಸವಣ್ಣನಿಗೆ ಕೊಟ್ಟರೆಂದೂ, ಬಸವಣ್ಣ ಅದನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತನೆಂದೂ ಕಥೆ ಹೇಳುತ್ತಾರೆ. ಕಥೆ ಹೇಳುವವರು ಆ ಚಮ್ಮಾವುಗೆಯ ದರ ಹೇಳುವುದಿಲ್ಲ, ಅದರ ಮೇಲೆ ಯಾರ ಗುರುತಿತ್ತೆಂದೂ ಹೇಳುವುದಿಲ್ಲ. ಶರಣರ ಗುರುತು ವಚನದ ಕೊನೆಯಲ್ಲಿ ಬರುವ ಅಂಕಿತ. ಹೆಚ್ಚಿನವರು ಅಲ್ಲಿ ತಮ್ಮ ಹೆಸರು ಹಾಕಲಿಲ್ಲ, ದೇವರ ಹೆಸರು ಹಾಕಿದರು. ಮಾದಾರ ಚೆನ್ನಯ್ಯನ ಅಂಕಿತ ನೋಡಿ. ಅದರೊಳಗೆ ಉಳಿ ಇದೆ, ಕತ್ತಿ ಇದೆ, ತೊಗಲು ಇಟ್ಟು ಕೊಯ್ಯುವ ಅಡಿಗೂಂಟ ಇದೆ, ಕಡೆಗೆ ದೇವರು. ತಾನು ಯಾರು ಎಂಬುದನ್ನು ಮುಚ್ಚಿಡದೆ, ಮಾರಲೂ ಇಡದೆ ಹಾಕಿದ ಮುದ್ರೆ ಅದು. ರೇಡಿಯಂ ಅಂಗಡಿಯ ಆ ಹುಡುಗನಿಗೆ ತನ್ನ ಸೂಜಿ, ಟೇಪು, ಸೋಪಿನ ನೀರನ್ನು ಕೂಡಿಸಿ ಒಂದು ಅಂಕಿತ ಮಾಡಿಕೋ ಎಂದರೆ ನಮ್ಮನ್ನು ಹುಚ್ಚರೆಂದಾನು.

ಇಷ್ಟೆಲ್ಲ ಬರೆದ ಮೇಲೆ ನಾವು ಮಾಡಿದ ತಪ್ಪನ್ನು ಬರೆಯದೆ ಇದ್ದರೆ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಈ ಬರಹಕ್ಕೆ ಕೈ ಹಾಕಿದ್ದು ಅದರ ಸಲುವಾಗಿಯೇ.

ಆ ಜಗಳವಾದ ಮುಂದಿನ ಏಪ್ರಿಲ್ 14ಕ್ಕೆ ಮೊದಲು ನಾವು ನಾಲ್ವರು ಹುಡುಗನ ಹತ್ತಿರ ಹೋಗಿ, "ತಮ್ಮಾ, ಯಾರದೋ ಕಂಪನಿ ಹೆಸರು ಯಾಕ? ಬಾಬಾಸಾಹೇಬರದು ಹಚ್ಚು" ಅಂದೆವು. ಅವನಿಗೆ ಸಂತೋಷವೇ ಆಯಿತು. ಹಿಂದಿನ ಗಾಜಿನ ಜರ್ಮನ್ ಗುರುತು ಕೆರೆಸಿ ತೆಗೆದ. ರೇಡಿಯಂನಲ್ಲಿ ಕೋಟು ಕನ್ನಡಕದ ಬಾಬಾಸಾಹೇಬರು ಬಂದರು, ಕೆಳಗೆ ನೀಲಿ ಅಕ್ಷರದಲ್ಲಿ ಜೈಭೀಮ್. ಜಯಂತಿಯ ಮೆರವಣಿಗೆಗೆ ಅದೇ ಓಮ್ನಿ ಮುಂದೆ. ನಾವು ಚಪ್ಪಾಳೆ ಹೊಡೆದು ಮನೆಗೆ ಹೋದೆವು.

ಮೇ ತಿಂಗಳು ಮದುವೆಯ ಸುಗ್ಗಿ. ಅವನಿಗೆ ಬರುತ್ತಿದ್ದ ಮೇಲೋಣಿಯ ಬಾಡಿಗೆಗಳು ಒಂದೊಂದಾಗಿ ಬೇರೆ ಗಾಡಿಗೆ ಹೋದವು. ಯಾರೂ ಬೈಯಲಿಲ್ಲ, ಯಾರೂ ಕಾರಣ ಹೇಳಲಿಲ್ಲ. "ಈ ಸಲ ಬ್ಯಾರೆ ಗಾಡಿ ಹೇಳೀವಪ್ಪ" ಅಷ್ಟೇ. ರೈಲಿಳಿದ ಕೆಲವರು ಗಾಜು ನೋಡಿ ಎರಡು ಹೆಜ್ಜೆ ಮುಂದೆ ಹೋಗಿ ಕ್ರೂಸರಿಗೆ ಕಾಯ್ದು ನಿಂತರು. ಅವನು ಯಾವ ಕೇರಿಯವನೆಂದು ಊರಿಗೆ ಮೊದಲೇ ಗೊತ್ತಿತ್ತಲ್ಲ ಎಂದು ನೀವು ಕೇಳಬಹುದು. ಗೊತ್ತಿತ್ತು. ಗೊತ್ತಿದ್ದೂ ಹತ್ತುತ್ತಿದ್ದರು. ಜರ್ಮನ್ ಗುರುತು ಇದ್ದಾಗ ಅದು ಗೊತ್ತಿಲ್ಲದಂತೆ ನಟಿಸಲು ಎರಡೂ ಕಡೆಯವರಿಗೆ ಒಂದು ಪರದೆ ಇತ್ತು. ಬಾಬಾಸಾಹೇಬರು ಆ ಪರದೆಯನ್ನು ಎತ್ತಿದರು.

ಎರಡು ಕಂತು ತಪ್ಪಿದವು. ಮೂರನೆಯದಕ್ಕೆ ಫೈನಾನ್ಸಿನವರು ಮನೆಗೆ ಬಂದರು. ಆಷಾಢ ಕಳೆಯುವುದರೊಳಗೆ ಗಾಜಿನ ಮೇಲೆ ಮತ್ತೆ ಜರ್ಮನ್ ಗುರುತು ಬಂದಿತ್ತು. ನಾವು ಏನು ಮಾಡಿದೆವು? ಓದುಕೂಟದಲ್ಲಿ ಕುಂತು ಅವನನ್ನು ಹೇಡಿ ಅಂದೆವು. ಒಬ್ಬರು ದ್ರೋಹಿ ಎಂಬ ಮಾತನ್ನೂ ಆಡಿದರು. ಅಲ್ಲಿದ್ದ ಐದಾರು ಮಂದಿಗೆ ತಿಂಗಳಿನ ಸರ್ಕಾರಿ ಪಗಾರ ಇದೆ. ನಮ್ಮ ಮೋಟಾರ್ ಸೈಕಲ್ಲುಗಳ ಮೇಲೆ ಜೈಭೀಮ್ ಇದ್ದರೆ ನಮಗೆ ಯಾರೂ ಬಾಡಿಗೆ ತಪ್ಪಿಸುವುದಿಲ್ಲ. ಅದರಲ್ಲಿ ಮೂವರ ಗಾಡಿಯ ಮೇಲೆ ಅದೂ ಇರಲಿಲ್ಲ, ನೋಡಿಕೊಂಡದ್ದು ಆಮೇಲೆ. ಒಬ್ಬನ ತುತ್ತನ್ನು ಪಣಕ್ಕಿಟ್ಟು ನಾವು ನಮ್ಮ ವಿಚಾರಕ್ಕೆ ಪುಕ್ಕಟೆ ಡಂಗುರ ಹೊಡೆಸಿದ್ದೆವು. ಹಿಂದೆ ಕಂಪನಿಗೆ ಹಾಕಿದ ಮಾತು ಈಗ ನಮ್ಮ ಕಡೆಗೇ ತಿರುಗಿ ನಿಂತಿತು.

2025ರ ಸೆಪ್ಟೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟಿನ ಆದೇಶದ ಬೆನ್ನಿಗೇ ಉತ್ತರಪ್ರದೇಶ ಸರ್ಕಾರ ಗಾಡಿಗಳ ಮೇಲಿನ ಜಾತಿಯ ಹೆಸರು, ಜಾತಿಯ ಘೋಷಣೆ ತೆಗೆಸಲು ಹೇಳಿದ ಸುದ್ದಿ ಓದಿದಾಗ ನಮ್ಮಲ್ಲಿ ಕೆಲವರು ಒಳ್ಳೆಯದಾಯಿತು ಅಂದರು. ಮೀಸೆ ತಿರುವುವ ಜಾತಿ ಹೆಸರುಗಳು ಹೋಗುವುದಾದರೆ ಹೋಗಲಿ. ಆದರೆ ಆ ಆದೇಶದಿಂದ ಏಳುವುದು ಗಾಜಿನ ಮೇಲಿನದು ಮಾತ್ರ. ಎರಡು ಹೆಜ್ಜೆ ಮುಂದೆ ಹೋಗಿ ಕ್ರೂಸರಿಗೆ ಕಾಯುವ ಕಾಲುಗಳನ್ನು ಯಾವ ಇನ್ಸ್‌ಪೆಕ್ಟರ್ ಹಿಡಿದು ನಿಲ್ಲಿಸುತ್ತಾನೆ?

ಹೋದ ತಿಂಗಳು ನಾವು ಸ್ಟೇಶನ್ನಿಗೆ ಹೋಗಿ ಹುಡುಗನ ಹತ್ತಿರ ತಪ್ಪಾಯಿತು ಎಂದೆವು. ಅವನು ಟೈರಿಗೆ ಗಾಳಿ ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಹಚ್ಚಿದ್ದು ನಾನೇ, ತೆಗೆದದ್ದೂ ನಾನೇ. ನೀವ್ಯಾಕ ತಪ್ಪಾಯ್ತು ಅಂತೀರಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಾ, ನೀವು ನಾಲ್ಕು ಮಂದಿ ದಿನಾ ಭಾಲ್ಕಿಗಿ ಹೋಗ್ತೀರಲ್ಲ, ಯಾವ ಗಾಡಿಗಿ ಹೋಗ್ತೀರಿ?" ಎಂದು ಕೇಳಿದ.

ನಾವು ಹೋಗುವುದು ನಮ್ಮ ನಮ್ಮ ಮೋಟಾರ್ ಸೈಕಲ್ಲಿನ ಮೇಲೆ. ಅವನಿಗೆ ಅದು ಗೊತ್ತಿತ್ತು. ಅವನು ಬಾಗಿಲು ಎಳೆದು ತೋರಿಸಿದ. ಒಳಗೆ, ಡ್ರೈವರ್ ಸೀಟಿನ ಮುಂದೆ, ಹೊರಗಿನವರಿಗೆ ಕಾಣದ ಕಡೆ, ಗಾಜಿನಿಂದ ಎಬ್ಬಿಸಿ ತೆಗೆದ ಅದೇ ಬಾಬಾಸಾಹೇಬರ ರೇಡಿಯಂ ಅಂಟಿತ್ತು. ಕೀಳುವಾಗ ಕನ್ನಡಕದ ಒಂದು ಕಡೆ ಹರಿದಿತ್ತು. ಪ್ಯಾಸೆಂಜರ್ ಬಂದರು, ಅವನು ಗಾಡಿ ಶುರು ಮಾಡಿದ.